ರೆಪ್ಪೆ ಮುಚ್ಚಿದರೂ ಹತ್ತದ ನಿದ್ದೆ: ಒಣಗಣ್ಣು ಕೊಡುವ ಇರುಳಿನ ಕಾಟ

ನಂಜನಗೂಡಿನ ಶ್ರೀಕಂಠೇಶ್ವರನಿಗೆ 'ಹಕೀಂ ನಂಜುಂಡ' ಎಂಬ ಇನ್ನೊಂದು ಹೆಸರಿದೆ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣಿನ ಬೇನೆ ಬಂದು ದೃಷ್ಟಿ ಹೋದಾಗ ಇಲ್ಲಿ ಪೂಜೆ ಸಲ್ಲಿಸಲಾಯಿತೆಂದೂ, ಆನೆಗೆ ದೃಷ್ಟಿ ಮರಳಿದ ಸಂತೋಷದಲ್ಲಿ ಸುಲ್ತಾನನು ದೇವಾಲಯಕ್ಕೆ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಮನೆಂದು ಕರೆದನೆಂದೂ ಐತಿಹ್ಯ ಹೇಳುತ್ತದೆ. ಕಪಿಲೆಯ ದಂಡೆಯ ಈ ಊರಿಗೂ ಕಣ್ಣಿನ ಬೇನೆಗೂ ಇರುವ ನಂಟು ಹೀಗೆ ಹಳೆಯದು.

ಆ ಆನೆಯ ಬೇನೆ ನಾಲ್ಕು ಜನರಿಗೆ ಕಾಣುವಂಥದ್ದಾಗಿತ್ತು. ಇಲ್ಲಿ ಹೇಳಹೊರಟಿರುವ ಬೇನೆ ಯಾರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಹಗಲೆಲ್ಲ ಕೆಲಸದ ಗಡಿಬಿಡಿಯಲ್ಲಿ ಅಡಗಿಕೊಂಡಿದ್ದು, ರಾತ್ರಿ ದೀಪ ಆರಿಸಿ ದಿಂಬಿಗೆ ತಲೆಯಿಟ್ಟ ಕೂಡಲೇ ಅದು ಎಚ್ಚರಗೊಳ್ಳುತ್ತದೆ. ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚು, ಉರಿ, ರೆಪ್ಪೆಯ ಅಂಚಿನಲ್ಲಿ ತುರಿಕೆ. ಕಣ್ಣು ಮುಚ್ಚಿದರೆ ಕಿರಿಕಿರಿ, ತೆರೆದರೆ ಉರಿ. ಹೊರಳಾಡಿ ಹೊರಳಾಡಿ ಗಂಟೆ ಹನ್ನೆರಡಾದರೂ ರೆಪ್ಪೆಗೆ ರೆಪ್ಪೆ ಹತ್ತುವುದಿಲ್ಲ. ಬೆಳಿಗ್ಗೆ ಕೇಳಿದರೆ 'ನಿದ್ದೆ ಬರಲಿಲ್ಲ' ಎಂಬ ಒಂದೇ ಮಾತು. ನಿದ್ದೆಯನ್ನು ಕೆಡಿಸಿದ್ದು ಕಣ್ಣು ಎಂಬುದು ಅನೇಕರ ಗಮನಕ್ಕೇ ಬರುವುದಿಲ್ಲ. ಹೀಗಾಗಿ ಕಣ್ಣಿಗೆ ಸಲ್ಲಬೇಕಾದ ಚಿಕಿತ್ಸೆಯ ಬದಲು ನಿದ್ರೆ ಮಾತ್ರೆ ಮನೆಯೊಳಗೆ ಬರುತ್ತದೆ. ಆ ಮಾತ್ರೆಗಳಲ್ಲಿ ಕೆಲವು ಕಣ್ಣನ್ನು ಇನ್ನಷ್ಟು ಒಣಗಿಸುತ್ತವೆ.

ವೈದ್ಯರು ಇದನ್ನು 'ಡ್ರೈ ಐ' ಎಂದು ಕರೆಯುತ್ತಾರೆ. ಕನ್ನಡದಲ್ಲಿ ಒಣಗಣ್ಣು ಎನ್ನೋಣ. ಇದು ಹೊಸ ರೋಗವೇನಲ್ಲ. ಕಣ್ಣಿನ 76 ರೋಗಗಳನ್ನು ಎಣಿಸಿರುವ ಸುಶ್ರುತ ಸಂಹಿತೆಯಲ್ಲಿ 'ಶುಷ್ಕಾಕ್ಷಿಪಾಕ' ಎಂಬ ಹೆಸರಿನ ರೋಗವೊಂದಿದೆ. ರೆಪ್ಪೆ ಗಡುಸಾಗಿ ಒಣಗುವುದು, ಕಣ್ಣು ತೆರೆಯಲು ಕಷ್ಟವಾಗುವುದು, ನೋಟ ಮಸುಕಾಗುವುದು ಅದರ ಲಕ್ಷಣಗಳು. ಇಂದಿನ ರೋಗಿಗಳು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ.

ಕಣ್ಣೀರಿನ ಮೂರು ಪದರ

ಕಣ್ಣೀರು ಎಂದರೆ ಅಳುವಾಗ ಹರಿಯುವ ಉಪ್ಪುನೀರು ಎಂದಷ್ಟೇ ನಾವು ತಿಳಿದಿರುತ್ತೇವೆ. ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ತೆಳುವಾದ ಕಣ್ಣೀರಿನ ಹೊದಿಕೆಯ ರಚನೆ ಅದಕ್ಕಿಂತ ಸೂಕ್ಷ್ಮವಾದುದು. ಕಣ್ಣಿನ ಮೈಗೆ ಅಂಟಿಕೊಂಡಿರುವುದು ಲೋಳೆಯ ಅಂಶ. ಗುಡ್ಡೆಯ ಮೇಲೆ ನೀರು ಜಾರಿಹೋಗದೆ ಸಮನಾಗಿ ಹರಡುವಂತೆ ಅದು ಮಾಡುತ್ತದೆ. ಅದರ ಮೇಲೆ ಅಶ್ರುಗ್ರಂಥಿಗಳು ಸ್ರವಿಸುವ ನೀರಿನ ಅಂಶ. ಎಲ್ಲಕ್ಕಿಂತ ಮೇಲೆ ಎಣ್ಣೆಯ ತೆಳುಪೊರೆ. ಈ ಎಣ್ಣೆಯನ್ನು ಒದಗಿಸುವುದು ರೆಪ್ಪೆಗಳ ಒಳಗೆ ಸಾಲಾಗಿ ಇರುವ ಮೈಬೋಮಿಯನ್ ಎಂಬ ಸಣ್ಣ ಗ್ರಂಥಿಗಳು. ಅವುಗಳ ಬಾಯಿ ರೆಪ್ಪೆಗೂದಲಿನ ಹಿಂದೆಯೇ ತೆರೆದುಕೊಳ್ಳುತ್ತದೆ.

ಕೆನೆಗಟ್ಟಿದ ಹಾಲು ಬೇಗ ಆರುವುದಿಲ್ಲವಷ್ಟೆ. ಎಣ್ಣೆಯ ಪೊರೆಯೂ ಕಣ್ಣೀರಿಗೆ ಹಾಗೆಯೇ ಮುಚ್ಚಳವಾಗಿ ನಿಂತು ಅದು ಆವಿಯಾಗದಂತೆ ತಡೆಯುತ್ತದೆ. ನಾವು ರೆಪ್ಪೆ ಬಡಿದಾಗಲೆಲ್ಲ ಗ್ರಂಥಿಗಳಿಂದ ಒಂದಿಷ್ಟು ಎಣ್ಣೆ ಹೊರಬಂದು ಕಣ್ಣಿನ ಮೇಲೆ ಹೊಸದಾಗಿ ಸವರಿದಂತಾಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದರಿಂದ ಇಪ್ಪತ್ತು ಸಲ ನಾವು ರೆಪ್ಪೆ ಬಡಿಯುತ್ತೇವೆ. ಕಂಪ್ಯೂಟರ್ ಅಥವಾ ಮೊಬೈಲ್ ಪರದೆಯನ್ನು ದಿಟ್ಟಿಸುವಾಗ ಈ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬಡಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ.

ನೀರು ಕಡಿಮೆಯಾದರೂ ಕಣ್ಣು ಒಣಗುತ್ತದೆ, ಎಣ್ಣೆ ಕಡಿಮೆಯಾದರೂ ಒಣಗುತ್ತದೆ. ಹೆಚ್ಚಿನ ರೋಗಿಗಳಲ್ಲಿ ಎಣ್ಣೆಯ ಕೊರತೆಯ ಪಾತ್ರವೇ ದೊಡ್ಡದು. ಗ್ರಂಥಿಯ ಬಾಯಿ ಕಟ್ಟಿಕೊಂಡು, ತೆಳ್ಳಗಿರಬೇಕಾದ ಎಣ್ಣೆ ಗಟ್ಟಿ ತುಪ್ಪದಂತಾಗಿ ಒಳಗೇ ಉಳಿಯುತ್ತದೆ. ನಿದ್ದೆಗೆಟ್ಟು ಎಚ್ಚರದಿಂದ ಕಾಯುವುದನ್ನು ನಮ್ಮಲ್ಲಿ 'ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು' ಎನ್ನುತ್ತಾರೆ. ಕಣ್ಣಿಗೆ ತನ್ನದೇ ಆದ ಎಣ್ಣೆಯುಂಟು, ಅದು ಬತ್ತಿದಾಗಲೂ ನಿದ್ದೆಗೇಡು ತಪ್ಪಿದ್ದಲ್ಲ ಎಂಬುದನ್ನು ಈ ನುಡಿಗಟ್ಟಿಗೆ ಸೇರಿಸಿಕೊಳ್ಳಬಹುದು.

ಒಣಗಣ್ಣಿನವರಲ್ಲಿ ಕೆಲವರಿಗೆ ಕಣ್ಣಿನಿಂದ ಧಾರಾಳವಾಗಿ ನೀರು ಸುರಿಯುತ್ತದೆ. 'ಇಷ್ಟು ನೀರು ಬರುತ್ತಿರುವಾಗ ಒಣಗುವುದೆಲ್ಲಿಂದ ಬಂತು' ಎಂದು ಅವರು ಕೇಳುವುದು ಸಹಜ. ಕಣ್ಣಿನ ಮೈ ಒಣಗಿ ಕೆರಳಿದಾಗ ಮಿದುಳು ಅದನ್ನು ಅಪಾಯವೆಂದು ಭಾವಿಸಿ ಒಮ್ಮೆಲೇ ನೀರು ಸುರಿಸುತ್ತದೆ. ಈ ನೀರಿನಲ್ಲಿ ಎಣ್ಣೆ, ಲೋಳೆಗಳ ಹದ ಇರುವುದಿಲ್ಲವಾದ್ದರಿಂದ ಅದು ಕಣ್ಣಿನಲ್ಲಿ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ. ಬಯಲಿನಲ್ಲಿ ಗಾಳಿಗೆ ಮುಖಕೊಟ್ಟು ಬೈಕ್ ಓಡಿಸುವಾಗ ಕಣ್ಣಲ್ಲಿ ನೀರೂರುವುದೂ ಇದೇ ಕಾರಣದಿಂದ.

ಇರುಳಿನಲ್ಲಿಯೇ ಏಕೆ ಹೆಚ್ಚು?

ಕಣ್ಣು ಮುಚ್ಚಿದರೆ ಕಣ್ಣೀರು ಆವಿಯಾಗುವುದು ನಿಲ್ಲಬೇಕು, ಉರಿ ಶಮನವಾಗಬೇಕು. ಹಾಗಿದ್ದರೂ ಮಲಗುವ ಹೊತ್ತಿಗೇ ಕಾಟ ಏರುವುದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದಾಗಿ, ಇಡೀ ದಿನದ ದಣಿವು ಸಂಜೆಯ ವೇಳೆಗೆ ಕಣ್ಣಿನ ಮೇಲೆ ಸೇರಿರುತ್ತದೆ. ಬಿಸಿಲು, ದೂಳು, ಪರದೆ, ಹೊಗೆ ಇವೆಲ್ಲವೂ ಕೂಡಿ ಕಣ್ಣೀರಿನ ಪದರವನ್ನು ಹರಿದುಹಾಕಿರುತ್ತವೆ. ಕಣ್ಣೀರಿನಲ್ಲಿ ನೀರು ತಗ್ಗಿ ಉಪ್ಪಿನ ಅಂಶ ಹೆಚ್ಚಿದಾಗ ಕಣ್ಣಿನ ಮೇಲ್ಮೈ ಕೋಶಗಳು ಕೆರಳಿ ಉರಿಯೂತ ಉಂಟಾಗುತ್ತದೆ. ರೆಪ್ಪೆ ಮುಚ್ಚಿದ ಮಾತ್ರಕ್ಕೆ ಆ ಉರಿಯೂತ ಆರುವುದಿಲ್ಲ.

ಎರಡನೆಯದಾಗಿ, ನಿದ್ದೆ ಸಮೀಪಿಸಿದಂತೆ ಕಣ್ಣೀರಿನ ಸ್ರವಿಕೆಯೇ ತಗ್ಗುತ್ತದೆ. ಗಾಢ ನಿದ್ದೆಯಲ್ಲಿ ಅದು ತೀರಾ ಕಡಿಮೆ. ಆರೋಗ್ಯವಂತರ ಕಣ್ಣು ಇಷ್ಟರಲ್ಲಿಯೇ ನಿಭಾಯಿಸಿಕೊಳ್ಳುತ್ತದೆ. ಮೊದಲೇ ಒಣಗಿರುವ ಕಣ್ಣಿನಲ್ಲಿ ರೆಪ್ಪೆಯ ಒಳಮೈಗೂ ಗುಡ್ಡೆಗೂ ನಡುವೆ ಜಾರುವಷ್ಟು ತೇವ ಉಳಿಯುವುದಿಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆ ಕದಲಿದಾಗಲೆಲ್ಲ ಉಜ್ಜಿದ ಅನುಭವವಾಗುತ್ತದೆ.

ಮೂರನೆಯದಾಗಿ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಇಡೀ ದೇಹದಲ್ಲಿಯೇ ಅತ್ಯಂತ ದಟ್ಟವಾದ ನರತುದಿಗಳಿರುವ ಭಾಗಗಳಲ್ಲಿ ಒಂದು. ಹಗಲಿನಲ್ಲಿ ನೂರು ಕೆಲಸಗಳ ನಡುವೆ ಮನಸ್ಸು ಆ ನರಗಳ ದೂರನ್ನು ಬದಿಗೊತ್ತುತ್ತದೆ. ಕತ್ತಲೆ ಮತ್ತು ಮೌನದಲ್ಲಿ ಅದೊಂದೇ ದೂರು ಕೇಳಿಸುತ್ತದೆ. ಹಲ್ಲುನೋವು ರಾತ್ರಿ ಹೆಚ್ಚೆನಿಸುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ನಾಲ್ಕನೆಯ ಕಾರಣ ರೋಗಿಗೆ ತಾನಾಗಿ ತಿಳಿಯಲು ಸಾಧ್ಯವೇ ಇಲ್ಲ. ಕೆಲವರ ರೆಪ್ಪೆಗಳು ನಿದ್ದೆಯಲ್ಲಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದು, ಕಣ್ಣಿನ ಕೆಳಭಾಗ ರಾತ್ರಿಯಿಡೀ ಗಾಳಿಗೆ ತೆರೆದಿರುತ್ತದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಹೇಳಬೇಕಾದುದೇ ಇಲ್ಲ. ಇಂಥವರಿಗೆ ಮಲಗುವಾಗಿನ ಉರಿಗಿಂತ ಏಳುವಾಗಿನ ಉರಿ ಹೆಚ್ಚು. ಮುಖದ ನರ ಸೋತು ಬಾಯಿ ಒಂದು ಕಡೆಗೆ ವಾಲಿದವರು, ಥೈರಾಯ್ಡ್ ತೊಂದರೆಯಿಂದ ಕಣ್ಣು ಮುಂದಕ್ಕೆ ಉಬ್ಬಿದವರು, ರೆಪ್ಪೆಯ ಶಸ್ತ್ರಚಿಕಿತ್ಸೆಯಾದವರು ಈ ಬಗ್ಗೆ ವಿಶೇಷ ಗಮನ ಕೊಡಬೇಕು. ಪತ್ತೆಮಾಡುವ ಉಪಾಯ ಸುಲಭ. ಗಾಢ ನಿದ್ದೆಯಲ್ಲಿರುವಾಗ ಮನೆಯವರಲ್ಲೊಬ್ಬರು ಮಂದ ಬೆಳಕಿನಲ್ಲಿ ರೆಪ್ಪೆಗಳ ನಡುವೆ ಸಂದು ಕಾಣುತ್ತಿದೆಯೇ ಎಂದು ನೋಡಿದರೆ ಸಾಕು.

ಒಂದಕ್ಕೊಂದು ಇಂಬು

ಒಣಗಣ್ಣು ನಿದ್ದೆಯನ್ನು ಕೆಡಿಸುವಂತೆಯೇ ನಿದ್ದೆಗೇಡೂ ಕಣ್ಣನ್ನು ಒಣಗಿಸುತ್ತದೆ. ಕೊರಿಯಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಣ್ಣಿನ ಯಾವ ರೋಗವೂ ಇಲ್ಲದ ಪುರುಷರನ್ನು ನಿದ್ದೆಮಾಡದಂತೆ ಇರಿಸಿ ಅವರ ಕಣ್ಣೀರನ್ನು ಪರೀಕ್ಷಿಸಲಾಯಿತು. ಕಣ್ಣೀರಿನ ಸ್ರವಿಕೆ ತಗ್ಗಿತ್ತು, ಅದರ ಉಪ್ಪಿನ ಸಾಂದ್ರತೆ ಏರಿತ್ತು, ಕಣ್ಣೀರಿನ ಪದರ ಬೇಗ ಹರಿಯುತ್ತಿತ್ತು. ಅಶ್ರುಗ್ರಂಥಿಗಳನ್ನು ಪ್ರಚೋದಿಸುವುದು ದೇಹ ವಿಶ್ರಾಂತಿಯಲ್ಲಿರುವಾಗ ಮೇಲುಗೈ ಪಡೆಯುವ ನರವ್ಯೂಹ. ನಿದ್ದೆಗೆಟ್ಟಾಗ ಒತ್ತಡದ ಹಾರ್ಮೋನುಗಳು ಹೆಚ್ಚಿ ಆ ನರವ್ಯೂಹದ ಪ್ರಭಾವ ಕುಗ್ಗುತ್ತದೆ. ಹೀಗಾಗಿ ಕಣ್ಣೀರೂ ಕುಗ್ಗುತ್ತದೆ.

ನೆದರ್ಲೆಂಡ್ಸ್‌ನಲ್ಲಿ 71 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ, 2021ರಲ್ಲಿ ಪ್ರಕಟವಾದ ಅಧ್ಯಯನ ಇದೇ ನಂಟನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿತು. ಒಣಗಣ್ಣು ಇದ್ದವರಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ನಿದ್ದೆಯ ಗುಣಮಟ್ಟ ಕಳಪೆಯಾಗಿತ್ತು. ಒಣಗಣ್ಣು ಇಲ್ಲದವರಲ್ಲಿ ಇದು ಸುಮಾರು 25. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಇಂಥ ಅಧ್ಯಯನ ನಿರ್ಣಯಿಸಲಾರದು. ಆದರೆ ಎರಡೂ ಜೊತೆಜೊತೆಯಾಗಿ ನಡೆಯುತ್ತವೆ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಇದರಿಂದ ಬರುವ ಪಾಠ ಒಂದೇ. ಕಣ್ಣನ್ನು ಬಿಟ್ಟು ನಿದ್ದೆಗಷ್ಟೇ ಮದ್ದು ಮಾಡಿದರೂ, ನಿದ್ದೆಯನ್ನು ಕಡೆಗಣಿಸಿ ಕಣ್ಣಿಗೆ ಹನಿ ಹಾಕುತ್ತ ಕುಳಿತರೂ ಫಲ ಅರ್ಧವೇ. ಎರಡನ್ನೂ ಒಟ್ಟಿಗೆ ಸರಿಪಡಿಸಬೇಕು.

ಗದ್ದೆ, ಹುಳುಮನೆ, ರಾತ್ರಿ ಪಾಳಿ

ಒಣಗಣ್ಣು ಹವಾನಿಯಂತ್ರಿತ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರ ರೋಗ ಎಂಬ ಭಾವನೆ ನಗರವಾಸಿಗಳಲ್ಲಿದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಬದುಕನ್ನು ಗಮನಿಸಿದರೆ ಈ ಭಾವನೆ ಬದಲಾಗುತ್ತದೆ.

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆ ತಿ.ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಾಲೆಯ ನೀರಿನಿಂದ ಭತ್ತ, ಕಬ್ಬು ಬೆಳೆಯುವ ಸೀಮೆ ಇದು. ಭತ್ತದ ಒಕ್ಕಣೆಯ ದೂಳು, ಕಬ್ಬಿನ ತರಗಿಗೆ ಬೆಂಕಿಯಿಟ್ಟಾಗಿನ ಹೊಗೆ, ಸೌದೆ ಒಲೆ ಉಳಿದಿರುವ ಮನೆಗಳ ಅಡುಗೆಮನೆಯ ಹೊಗೆ ಇವು ಕಣ್ಣೀರಿನ ಪದರಕ್ಕೆ ನೇರ ಶತ್ರುಗಳು. ನಂಜನಗೂಡಿನ ದೊಡ್ಡಜಾತ್ರೆ ಬರುವ ಮಾರ್ಚ್-ಏಪ್ರಿಲ್ ವೇಳೆಗೆ ಬಿಸಿಲು ಏರಿ ಗಾಳಿಯ ತೇವ ಇಳಿದಿರುತ್ತದೆ. ಮಳೆಗಾಲ ಬಂದರೆ ನೆಮ್ಮದಿ ಎಂದುಕೊಳ್ಳುವಷ್ಟರಲ್ಲಿ ಆಷಾಢದ ಗಾಳಿ ಬೀಸತೊಡಗುತ್ತದೆ. ತಾಪ ಕಡಿಮೆಯಿದ್ದರೂ ಬೀಸುಗಾಳಿ ಕಣ್ಣೀರನ್ನು ಹೀರುತ್ತದೆ. ತಿ.ನರಸೀಪುರ ತಾಲ್ಲೂಕಿನ ತಲಕಾಡಿನ ಮರಳದಿಬ್ಬಗಳನ್ನು ಆ ಗಾಳಿಯಲ್ಲಿ ಹತ್ತಿಳಿದವರಿಗೆ 'ಕಣ್ಣಲ್ಲಿ ಮರಳು' ಎಂಬ ಮಾತಿನ ಅರ್ಥ ಚೆನ್ನಾಗಿ ತಿಳಿದಿರುತ್ತದೆ. ಒಣಗಣ್ಣಿನ ರೋಗಿಗೆ ಮರಳಿಲ್ಲದೆಯೂ ಆ ಅನುಭವ ದಿನವೂ ಉಂಟಾಗುತ್ತದೆ.

ರೇಷ್ಮೆ ಈ ಭಾಗದ ಇನ್ನೊಂದು ಜೀವನೋಪಾಯ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಘಟಕ ತಿ.ನರಸೀಪುರದಲ್ಲಿದೆ. ಮೈಸೂರು ರೇಷ್ಮೆ ಸೀರೆಯ ನೂಲಿನ ದಾರಿ ಇಲ್ಲಿಂದ ಸಾಗುತ್ತದೆ. ನೂಲು ಬಿಚ್ಚುವುದೆಂದರೆ ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕೂದಲಿಗಿಂತ ತೆಳುವಾದ ಎಳೆಯನ್ನು ಹುಡುಕಿ ಹಿಡಿಯುವ ಕೆಲಸ. ಕಣ್ಣನ್ನು ಒಂದೇ ಕಡೆ ನೆಟ್ಟು ರೆಪ್ಪೆ ಬಡಿಯುವುದನ್ನೇ ಮರೆಯುವ ವಿಷಯದಲ್ಲಿ ಈ ಕೆಲಸಕ್ಕೂ ಸಾಫ್ಟ್‌ವೇರ್ ಕೆಲಸಕ್ಕೂ ವ್ಯತ್ಯಾಸವಿಲ್ಲ. ಹುಳು ಸಾಕುವ ರೈತರ ಪಾಡು ಬೇರೆ. ಹುಳುಮನೆಯನ್ನು ಶುದ್ಧಿಮಾಡಲು ಬಳಸುವ ಬ್ಲೀಚಿಂಗ್ ಪುಡಿ, ಫಾರ್ಮಲಿನ್, ಹಾಸಿಗೆಗೆ ಎರಚುವ ಸುಣ್ಣದ ಪುಡಿ ಇವೆಲ್ಲ ಕಣ್ಣನ್ನು ಕೆರಳಿಸುವ ವಸ್ತುಗಳು. ನಾಲ್ಕನೆಯ ಜ್ವರ ಕಳೆದ ಮೇಲೆ ಹುಳುಗಳು ಹಗಲಿರುಳೆನ್ನದೆ ಸೊಪ್ಪು ಮೇಯುತ್ತವೆ. ಆ ದಿನಗಳಲ್ಲಿ ಸಾಕುವವರಿಗೂ ಅರೆನಿದ್ದೆಯೇ ಗತಿ.

ನಂಜನಗೂಡಿನ ಕೈಗಾರಿಕಾ ಪ್ರದೇಶ ಮೂರನೆಯ ಚಿತ್ರ. ಪಾಳಿಯ ಮೇಲೆ ದುಡಿಯುವವರು ಊರು ಮಲಗಿರುವಾಗ ಎಚ್ಚರವಿದ್ದು, ಬೆಳಕು ಹರಿದ ಮೇಲೆ ಮಲಗಬೇಕು. ದೇಹದ ಗಡಿಯಾರಕ್ಕೆ ವಿರುದ್ಧವಾದ ಈ ನಿದ್ದೆ ಮೊದಲೇ ತೆಳುವಾದುದು. ಕಿಟಕಿಯ ಬೆಳಕು, ಬಿಸಿಲ ಶೆಕೆ, ಅದಕ್ಕಾಗಿ ಜೋರಾಗಿ ತಿರುಗಿಸಿದ ಫ್ಯಾನ್ ಎಲ್ಲವೂ ಸೇರಿ ಕಣ್ಣನ್ನು ಒಣಗಿಸುತ್ತವೆ. ಪಾಳಿ ಮುಗಿಸಿ ಬಂದು ಹಾಸಿಗೆಯಲ್ಲಿ ಅರ್ಧ ಗಂಟೆ ಮೊಬೈಲ್ ನೋಡುವ ಅಭ್ಯಾಸವಿದ್ದರೆ ಅದಕ್ಕಿಂತ ಕೆಟ್ಟ ಸಂಯೋಗ ಮತ್ತೊಂದಿಲ್ಲ. ಪರದೆಯಿಂದ ರೆಪ್ಪೆ ಬಡಿತ ತಗ್ಗುವುದಲ್ಲದೆ, ಅದರ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನೂ ತಡೆಹಿಡಿಯುತ್ತದೆ.

ಉಷ್ಣವೆಂಬ ಒಂದೇ ಉತ್ತರ

ಕಣ್ಣುರಿಗೆ ಹಳೆ ಮೈಸೂರಿನ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ 'ಉಷ್ಣವಾಗಿದೆ' ಎಂಬುದು. ನೆತ್ತಿಗೆ ಹರಳೆಣ್ಣೆ ತಟ್ಟಿ ಎಣ್ಣೆನೀರು ಹಾಕಿಕೊಂಡರೆ ದೇಹಕ್ಕೆ ಹಿತವಾಗಿ ಒಳ್ಳೆಯ ನಿದ್ದೆ ಬರಬಹುದು. ಅದರಿಂದ ತೊಂದರೆಯೇನೂ ಇಲ್ಲ. ತೊಂದರೆ ಆರಂಭವಾಗುವುದು ಅದೇ ಹರಳೆಣ್ಣೆ, ಜೇನು, ಎದೆಹಾಲು, ಸೊಪ್ಪಿನ ರಸ ಇತ್ಯಾದಿಗಳನ್ನು ನೇರವಾಗಿ ಕಣ್ಣಿನೊಳಗೆ ಬಿಟ್ಟಾಗ. ಕಣ್ಣಿಗೆ ಹಾಕುವ ಯಾವುದೇ ದ್ರವ ರೋಗಾಣುರಹಿತವಾಗಿರಲೇಬೇಕು. ಒಣಗಿದ ಕಾರ್ನಿಯಾದ ಮೇಲೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ. ಅಲ್ಲಿಗೆ ಸೋಂಕು ತಗುಲಿದರೆ ಹುಣ್ಣಾಗಿ, ಬಿಳಿ ಕಲೆ ಉಳಿದು ದೃಷ್ಟಿಯೇ ಹೋಗಬಹುದು. ಗದ್ದೆ ಕೆಲಸದಲ್ಲಿ ಭತ್ತದ ಗರಿ, ಕಬ್ಬಿನ ಗರಿ ತಾಗಿದ ಕಣ್ಣಿಗಂತೂ ಇಂಥ ಮದ್ದು ಸಲ್ಲದು. ಆ ಗಾಯಕ್ಕೆ ಶಿಲೀಂಧ್ರದ ಸೋಂಕು ತಗುಲುವ ಅಪಾಯ ಹೆಚ್ಚು.

ಎರಡನೆಯ ತಪ್ಪು ದಾರಿ ಔಷಧಿ ಅಂಗಡಿಯದು. 'ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ' ಎಂದು ಕೇಳಿ ತಂದ ಹನಿಯಲ್ಲಿ ಸ್ಟಿರಾಯ್ಡ್ ಇದ್ದರೆ ಎರಡೇ ದಿನದಲ್ಲಿ ಕೆಂಪು ಮಾಯವಾಗುತ್ತದೆ. ಆ ಗುಣವನ್ನು ನಂಬಿ ತಿಂಗಳುಗಟ್ಟಲೆ ಹಾಕಿಕೊಂಡವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಉಂಟಾಗಬಹುದು, ಕಣ್ಣಿನ ಪೊರೆ ಬೇಗ ಬೆಳೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಸ್ಟಿರಾಯ್ಡ್ ಹನಿಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳೆಂಬುದನ್ನು ಅಂಗಡಿಯವರೂ ಕೊಳ್ಳುವವರೂ ನೆನಪಿಡಬೇಕು. ಕೆಂಪನ್ನು ತಕ್ಷಣ ಅಳಿಸುವ ಇತರ ಹನಿಗಳೂ ಹೀಗೆಯೇ. ರಕ್ತನಾಳಗಳನ್ನು ಕುಗ್ಗಿಸಿ ಬೆಳ್ಳಗೆ ಕಾಣಿಸುವುದಷ್ಟೇ ಅವುಗಳ ಕೆಲಸ. ನಿಲ್ಲಿಸಿದೊಡನೆ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ.

ಮೂರನೆಯದು ನಿದ್ದೆಯ ಹೆಸರಿನಲ್ಲಿ ನುಂಗುವ ಮಾತ್ರೆ. ನೆಗಡಿ, ಅಲರ್ಜಿಗೆಂದು ಕೊಡುವ ಕ್ಲೋರ್‌ಫೆನಿರಮೈನ್‌ನಂತಹ ಮಾತ್ರೆಗಳು ಮಂಪರು ತರುತ್ತವೆಂಬ ಕಾರಣಕ್ಕೆ ಅವುಗಳನ್ನೇ ನಿದ್ದೆಗೆ ಬಳಸುವವರಿದ್ದಾರೆ. ಇವು ಬಾಯಿ ಒಣಗಿಸುವಂತೆಯೇ ಕಣ್ಣನ್ನೂ ಒಣಗಿಸುತ್ತವೆ. ಖಿನ್ನತೆ, ನರನೋವುಗಳಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕೂಡ ಈ ಗುಂಪಿನವೇ. ಹಾಗೆಂದು ವೈದ್ಯರು ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಕಣ್ಣಿನ ತೊಂದರೆಯನ್ನು ಅವರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸಲು ಸಾಧ್ಯ.

ಪತ್ತೆ ಹೇಗೆ?

ಒಣಗಣ್ಣನ್ನು ಗುರುತಿಸಲು ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಕಣ್ಣಿನ ವೈದ್ಯರು ಹಳದಿ ಬಣ್ಣವೊಂದನ್ನು ಕಣ್ಣಿಗೆ ಹಾಕಿ, ನೀಲಿ ಬೆಳಕಿನಲ್ಲಿ ಕಣ್ಣೀರಿನ ಪದರ ಎಷ್ಟು ಸೆಕೆಂಡಿನಲ್ಲಿ ಹರಿಯುತ್ತದೆ ಎಂದು ನೋಡುತ್ತಾರೆ. ಹತ್ತು ಸೆಕೆಂಡಿಗೆ ಮೊದಲೇ ಹರಿದರೆ ಪದರ ದುರ್ಬಲವೆಂದು ಅರ್ಥ. ಕಾರ್ನಿಯಾದ ಮೇಲೆ ಒಣಗಿದ ಚುಕ್ಕೆಗಳಿದ್ದರೆ ಅದೇ ಬಣ್ಣದಲ್ಲಿ ಕಾಣಿಸುತ್ತವೆ. ಷಿರ್ಮರ್ ಪರೀಕ್ಷೆಯಲ್ಲಿ ತೆಳುವಾದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಪಟ್ಟಿ 5 ಮಿಲಿಮೀಟರಿಗಿಂತ ಕಡಿಮೆ ನೆನೆದರೆ ನೀರಿನ ಕೊರತೆ ತೀವ್ರವಾಗಿದೆ ಎನ್ನಬಹುದು. ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿ ಎಣ್ಣೆಯ ಹದವನ್ನೂ ನೋಡುತ್ತಾರೆ.

ವೈದ್ಯರಿಗೆ ಹೇಳಲೇಬೇಕಾದ ಕೆಲವು ಸಂಗತಿಗಳಿವೆ. ಕಣ್ಣಿನ ಜೊತೆಗೆ ಬಾಯಿಯೂ ಒಣಗುತ್ತಿದೆಯೇ, ಕೀಲುನೋವು ಇದೆಯೇ, ಮಧುಮೇಹ ಅಥವಾ ಥೈರಾಯ್ಡ್ ತೊಂದರೆ ಇದೆಯೇ, ಮುಟ್ಟು ನಿಂತಿದೆಯೇ, ಇತ್ತೀಚೆಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆಯೇ ಎಂಬವು ರೋಗದ ಮೂಲವನ್ನು ತೋರಿಸುತ್ತವೆ. ಜೋರಾಗಿ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರುಕಟ್ಟುವ ಸ್ಥೂಲಕಾಯದವರಲ್ಲಿ ಮೇಲಿನ ರೆಪ್ಪೆ ಸಡಿಲವಾಗಿ, ದಿಂಬಿಗೆ ತಾಗಿ ಮಗುಚಿಕೊಂಡು ಕಣ್ಣು ಕೆರಳುವುದುಂಟು. ಅಂಥವರಿಗೆ ಕಣ್ಣಿನ ಜೊತೆಗೆ ಉಸಿರಾಟದ ಚಿಕಿತ್ಸೆಯೂ ಬೇಕು. ಮಕ್ಕಳಲ್ಲಿ ಕಣ್ಣು ಒಣಗಿ, ಸಂಜೆಗತ್ತಲಲ್ಲಿ ತಡವರಿಸುವ ಇರುಳುಗುರುಡು ಕಂಡರೆ ಅದು ಎ ಜೀವಸತ್ವದ ಕೊರತೆಯ ಸೂಚನೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಲಗುವ ಮುನ್ನ ಒಂದು ಗಂಟೆ

ಹೆಚ್ಚಿನವರಿಗೆ ಬೇಕಾಗುವುದು ಮಲಗುವ ಮುನ್ನಿನ ಒಂದು ಗಂಟೆಯ ಶಿಸ್ತು. ಅದಕ್ಕೆ ತಗಲುವ ಖರ್ಚೂ ಅಲ್ಪ.

ಮೊದಲು ಮೊಬೈಲ್, ಟೀವಿಗಳನ್ನು ಬದಿಗಿಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ತೆಗೆದಿಡಬೇಕು. ಕಾಡಿಗೆ, ಕಣ್ಣಿನ ಅಲಂಕಾರ ಹಚ್ಚಿಕೊಂಡಿದ್ದರೆ ಪೂರ್ತಿ ತೊಳೆಯಬೇಕು. ಅದು ಎಣ್ಣೆಗ್ರಂಥಿಗಳ ಬಾಯನ್ನು ಮುಚ್ಚುತ್ತದೆ.

ಅನಂತರ ಶಾಖ. ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು. ಸುಡುವಷ್ಟು ಬಿಸಿ ಬೇಡ, ಮುಂಗೈಗೆ ಹಿತವೆನಿಸಿದರೆ ಸಾಕು. ಬಟ್ಟೆ ಬೇಗ ಆರುವುದರಿಂದ ಎರಡು ಮೂರು ಸಲ ಅದ್ದಿಕೊಳ್ಳಬೇಕಾಗುತ್ತದೆ. ಗಟ್ಟಿಯಾದ ಎಣ್ಣೆ ಈ ಶಾಖಕ್ಕೆ ಕರಗುತ್ತದೆ. ಕೂಡಲೇ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಕೂದಲಿನ ಅಂಚಿನ ಕಡೆಗೆ ಮೆಲ್ಲಗೆ ನೀವಬೇಕು. ಗುಡ್ಡೆಯನ್ನು ಒತ್ತಬಾರದು. ಕೂದಲಿನ ಬುಡದ ಹೊಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲವು ವಾರ ಬಿಡದೆ ಮಾಡಿದರೆ ಮಾತ್ರ ಗುಣ ತಿಳಿಯುತ್ತದೆ.

ಮೂರನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹೈಯಲುರೊನೇಟ್ ಇರುವ ಹನಿಗಳು ಸಾಮಾನ್ಯವಾಗಿ ಸುರಕ್ಷಿತ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕಿಕೊಳ್ಳಬೇಕಾದವರು ಸಂರಕ್ಷಕ ರಾಸಾಯನಿಕವಿಲ್ಲದ ಹನಿಯನ್ನು ಕೇಳಿ ಪಡೆಯಬೇಕು. ಬೆಂಜಾಲ್ಕೋನಿಯಂ ಕ್ಲೋರೈಡ್‌ನಂತಹ ಸಂರಕ್ಷಕವೇ ಪದೇ ಪದೇ ಬಿದ್ದಾಗ ಕಣ್ಣನ್ನು ಕೆರಳಿಸುತ್ತದೆ. ರಾತ್ರಿಗೆ ಹನಿಗಿಂತ ಜೆಲ್ ಅಥವಾ ಮುಲಾಮು ಹೆಚ್ಚು ಹೊತ್ತು ನಿಲ್ಲುತ್ತದೆ. ಹಚ್ಚಿದ ಮೇಲೆ ನೋಟ ಮಬ್ಬಾಗುವುದರಿಂದ ಹಾಸಿಗೆಗೆ ಬಂದ ಬಳಿಕವೇ ಹಚ್ಚಿಕೊಳ್ಳುವುದು ಲೇಸು. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ತೆರೆದ ಬಾಟಲಿಯನ್ನು ಅದರ ಮೇಲೆ ಬರೆದಿರುವ ಅವಧಿ ಮುಗಿದೊಡನೆ ಎಸೆಯಬೇಕು.

ನಾಲ್ಕನೆಯದು ಮಲಗುವ ಕೋಣೆ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಂತೆ ಮಂಚವನ್ನು ಸರಿಸಬೇಕು, ಇಲ್ಲವೇ ಮೇಜಿನ ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಬೇಕು. ಸೊಳ್ಳೆಬತ್ತಿಯ ಹೊಗೆಯ ಬದಲು ಸೊಳ್ಳೆಪರದೆ ಕಟ್ಟಿದರೆ ಕಣ್ಣಿಗೂ ಶ್ವಾಸಕೋಶಕ್ಕೂ ಒಳಿತು. ರೆಪ್ಪೆ ಪೂರ್ತಿ ಮುಚ್ಚದವರಿಗೆ ಕಣ್ಣುಪಟ್ಟಿ ಅಥವಾ ರೆಪ್ಪೆಯನ್ನು ಹಿಡಿದಿಡುವ ವಿಶೇಷ ಟೇಪನ್ನು ವೈದ್ಯರು ಸೂಚಿಸಬಹುದು. ಹಗಲಿನಲ್ಲಿ ಪರದೆಯ ಮುಂದೆ ದುಡಿಯುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ, ಬೇಕೆಂದೇ ಪೂರ್ತಿ ರೆಪ್ಪೆ ಬಡಿಯುವುದನ್ನು ರೂಢಿಸಿಕೊಳ್ಳಬೇಕು. ಹುಳುಮನೆ ಶುದ್ಧಿ, ಒಕ್ಕಣೆ, ಬೈಕ್ ಪ್ರಯಾಣಗಳಲ್ಲಿ ಬದಿ ಮುಚ್ಚಿದ ಕನ್ನಡಕ ಧರಿಸಿದರೆ ರಾತ್ರಿಯ ಉರಿ ಅಷ್ಟರಮಟ್ಟಿಗೆ ತಗ್ಗುತ್ತದೆ.

ಆಹಾರದ ಬಗ್ಗೆಯೂ ಒಂದು ಮಾತು. ನುಗ್ಗೆ ಸೊಪ್ಪು, ಹಸಿರು ಸೊಪ್ಪುಗಳು, ಪಪ್ಪಾಯಿ, ಕ್ಯಾರೆಟ್ ಕಣ್ಣಿಗೆ ಬೇಕಾದ ಎ ಜೀವಸತ್ವವನ್ನು ಒದಗಿಸುತ್ತವೆ. ಮೀನೆಣ್ಣೆಯ ಮಾತ್ರೆಗಳ ಬಗ್ಗೆ ಜಾಹೀರಾತುಗಳು ಹೇಳುವಷ್ಟು ಭರವಸೆ ಇಡಬೇಕಾಗಿಲ್ಲ. ಅಮೆರಿಕದಲ್ಲಿ 535 ರೋಗಿಗಳ ಮೇಲೆ ಒಂದು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೀನೆಣ್ಣೆಯ ಮಾತ್ರೆಗೂ ಹೋಲಿಕೆಗೆಂದು ಕೊಟ್ಟ ಆಲಿವ್ ಎಣ್ಣೆಯ ಮಾತ್ರೆಗೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ತಡಮಾಡಬಾರದ ಲಕ್ಷಣಗಳು

ಈ ಕ್ರಮಗಳನ್ನು ಮೂರು ನಾಲ್ಕು ವಾರ ಪಾಲಿಸಿದರೂ ನಿದ್ದೆ ಸುಧಾರಿಸದಿದ್ದರೆ ಕಣ್ಣಿನ ವೈದ್ಯರನ್ನು ಕಾಣಬೇಕು. ಉರಿಯೂತವನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಹನಿ, ಕಣ್ಣೀರು ಮೂಗಿಗೆ ಇಳಿದುಹೋಗುವ ರಂಧ್ರವನ್ನು ಮುಚ್ಚುವ ಸಣ್ಣ ಬಿರಡೆ ಮೊದಲಾದ ಚಿಕಿತ್ಸೆಗಳು ಅವರ ಬಳಿ ಇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯಬಿದ್ದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಹೋಗಬಹುದು.

ಆದರೆ ಕೆಲವು ಲಕ್ಷಣಗಳಿಗೆ ವಾರಗಟ್ಟಲೆ ಕಾಯುವಂತಿಲ್ಲ. ಕಣ್ಣು ಕೆಂಪಾಗಿ ತೀವ್ರ ನೋವಿರುವುದು, ದೃಷ್ಟಿ ಇದ್ದಕ್ಕಿದ್ದಂತೆ ಕುಗ್ಗುವುದು, ಬೆಳಕನ್ನು ನೋಡಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣುವುದು, ಕೀವು ಬರುವುದು, ಕಣ್ಣಿಗೆ ಗರಿಯೋ ಸುಣ್ಣವೋ ಬಿದ್ದಿರುವುದು ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ಸುಣ್ಣ ಅಥವಾ ರಾಸಾಯನಿಕ ಬಿದ್ದಿದ್ದರೆ ಹೊರಡುವ ಮೊದಲು ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ಕಣ್ಣನ್ನು ಬಹಳ ಹೊತ್ತು ತೊಳೆಯಬೇಕು. ಬೆಳಗಿನ ಜಾವ ಕಣ್ಣು ತೆರೆದ ಕ್ಷಣದಲ್ಲಿ ಸೀಳಿದಂತಹ ನೋವು ಮತ್ತೆ ಮತ್ತೆ ಬರುತ್ತಿದ್ದರೆ, ಒಣಗಿದ ರೆಪ್ಪೆಗೆ ಅಂಟಿಕೊಂಡು ಕಾರ್ನಿಯಾದ ಮೇಲುಪೊರೆ ಕೀಳುತ್ತಿರಬಹುದು. ಅದನ್ನೂ ತೋರಿಸಲೇಬೇಕು.

ನಿದ್ದೆ ಬಾರದಿರುವುದಕ್ಕೆ ಚಿಂತೆ, ವಯಸ್ಸು, ಹವೆ ಎಂದು ನೂರು ಕಾರಣ ಹುಡುಕುವ ನಾವು ಮುಖದ ಮೇಲೇ ಇರುವ ಕಣ್ಣನ್ನು ವಿಚಾರಿಸುವುದಿಲ್ಲ. ಮನೆಯ ಹಿರಿಯರು 'ರಾತ್ರಿಯೆಲ್ಲ ನಿದ್ದೆಯಿಲ್ಲ' ಎಂದಾಗ ಮಾತ್ರೆ ತರಲು ಹೊರಡುವ ಮುನ್ನ 'ಕಣ್ಣು ಉರಿಯುತ್ತದೆಯೇ' ಎಂದೊಮ್ಮೆ ಕೇಳಬೇಕು. ಹೌದೆಂಬ ಉತ್ತರ ಬಂದರೆ ಅಂದಿನ ರಾತ್ರಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಪಚಾರವನ್ನು ಆರಂಭಿಸಬಹುದು. ಬೆಳಗಾದ ಮೇಲೆ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವುದನ್ನು ಮಾತ್ರ ಮರೆಯಬಾರದು.